ಕಬ್ಬಿನ ಸಿಪ್ಪೆಯಿಂದ ಕರೆಂಟು: ಬಾಯ್ಲರ್ ಮನೆಯ ಅನುಭವ

ಕೋಜನ್, ಅಂದರೆ ಕಬ್ಬಿನ ಸಿಪ್ಪೆ ಸುಟ್ಟು ಸ್ಟೀಮ್, ಕರೆಂಟು ಎರಡನ್ನೂ ಮಾಡುವ ಘಟಕ, ನೋಡಲು ಬಂದವರೆಲ್ಲ ಸೀದಾ ಟರ್ಬೈನ್ ಕಡೆ ಹೋಗುತ್ತಾರೆ. ಅಲ್ಲಿ ಮೀಟರಿನಲ್ಲಿ ಮೆಗಾವ್ಯಾಟ್ ಕಾಣಿಸುತ್ತದೆ, ಅಷ್ಟೇ. ಬಾಗಲಕೋಟೆ ಜಿಲ್ಲೆಯ ಸಕ್ಕರೆ ಕಾರ್ಖಾನೆಯೊಂದರಲ್ಲಿ ಬಾಯ್ಲರ್ ನೋಡಿಕೊಳ್ಳುವ ನಾನು, ಪಾಳಿಗೆ ಬಂದ ಕೂಡಲೇ ಹೋಗುವುದು ಕಬ್ಬು ನುರಿಸುವ ಸಾಲಿನ ಕೊನೆಯ ಮಿಲ್ ಹತ್ತಿರ. ಸ್ಯಾಂಪಲ್ ತೆಗೆಯುವ ಜಾಗದಿಂದ ಒಂದು ಹಿಡಿ ಸಿಪ್ಪೆ ತೆಗೆದು ಗಟ್ಟಿಯಾಗಿ ಹಿಂಡುತ್ತೇನೆ. ಕೈ ಬಿಟ್ಟ ತಕ್ಷಣ ಉದುರಿದರೆ ಸರಿ. ಉಂಡೆಯಾಗಿ ನಿಂತು ಅಂಗೈ ಒದ್ದೆಯಾದರೆ ಆ ಪಾಳಿ ಕಷ್ಟ. ಲ್ಯಾಬಿನ ಲೆಕ್ಕ ಆಮೇಲೆ ಬರುತ್ತದೆ.

ಒಂದು ಟನ್ ಕಬ್ಬು ನುರಿಸಿದರೆ ಸುಮಾರು 300 ಕೆಜಿ ಸಿಪ್ಪೆ. ಅದರಲ್ಲಿ ಅರ್ಧ ನೀರೇ! ಆ ನೀರನ್ನು ಆವಿ ಮಾಡಿ ಚಿಮಣಿಗೆ ಕಳಿಸಿದ ಮೇಲೆ ಉಳಿದ ಕಾವು ನಮಗೆ. ತೇವ ಶೇ. 50 ಇದ್ದದ್ದು 53 ಆದರೆ ಸಾಕು, ಬೆಂಕಿ ಮಂಕಾಗುತ್ತದೆ, ಸ್ಟೀಮ್ ಒತ್ತಡ ಇಳಿಯುತ್ತದೆ, ಗ್ರಿಡ್‌ಗೆ ಕೊಡುವ ಲೋಡ್ ಇಳಿಸಬೇಕಾಗುತ್ತದೆ.

ಸಿಪ್ಪೆಯಲ್ಲಿ ಉಳಿದ ಸಕ್ಕರೆ ತೆಗೆಯಲು ಕೊನೆಯ ಮಿಲ್‌ಗೆ ಮುಂಚೆ ಬಿಸಿನೀರು ಹಾಕುತ್ತಾರೆ. ಮಿಲ್‌ನವರಿಗೆ ಆ ನೀರು ಜಾಸ್ತಿ ಬೇಕು, ನಮಗೆ ಕಡಿಮೆ. ಪ್ರತಿ ಹಂಗಾಮಿನಲ್ಲೂ ಈ ಜಗಳ ಇದ್ದದ್ದೇ. ಅವರದ್ದೂ ತಪ್ಪಲ್ಲ ಬಿಡಿ, ಸಕ್ಕರೆ ಸುಮ್ನೆ ಸುಟ್ಟುಹೋದರೆ ಯಾರಿಗೆ ಲಾಭ? ನೀರು ಕಡಿಮೆ ಮಾಡುವ ಮೊದಲು ರೋಲರ್ ಸವೆದಿದೆಯಾ, ರಸ ಇಳಿಯುವ ಸಂದಿ ಕಟ್ಟಿಕೊಂಡಿದೆಯಾ ನೋಡಿ ಅನ್ನುತ್ತೇನೆ. ಬಹಳ ಸಲ ಕಾರಣ ಅಲ್ಲೇ ಸಿಗುತ್ತದೆ.

ಹಿಂದಿನ, ಚದರ ಸೆಂ.ಮೀ.ಗೆ 21 ಕೆಜಿ ಒತ್ತಡದ ಬಾಯ್ಲರ್‌ಗಳ ಕಾಲದಲ್ಲಿ ಸಿಪ್ಪೆ ಖಾಲಿಯಾದರೆ ಸಾಕಿತ್ತು. ಈಗ ನಮ್ಮದು 87 ಕೆಜಿ, 515 ಡಿಗ್ರಿ. ಅದೇ ಸಿಪ್ಪೆಗೆ ಹೆಚ್ಚು ಕರೆಂಟು, ಆದರೆ ಫೀಡ್ ವಾಟರ್, ಅಂದರೆ ಬಾಯ್ಲರ್‌ಗೆ ಹಾಕುವ ನೀರಿನ, ವಿಷಯದಲ್ಲಿ ಬಲು ನಾಜೂಕು. ರಸ ಕುದಿಸುವ ಕಡೆಯಿಂದ ವಾಪಸ್ ಬರುವ ನೀರಿನಲ್ಲಿ ಚೂರು ಸಕ್ಕರೆ ಸೇರಿದರೂ ಬಾಯ್ಲರ್ ಒಳಗೆ ಅದು ಆಮ್ಲವಾಗಿ ಟ್ಯೂಬ್ ತಿನ್ನುತ್ತದೆ. ಸಕ್ಕರೆ ಇದೆಯಾ ನೋಡಲು ಟೆಸ್ಟ್ ಟ್ಯೂಬಿನಲ್ಲಿ ಆ ನೀರಿಗೆ ಆಲ್ಫಾ ನ್ಯಾಫ್ತಾಲ್ ಎಂಬ ರಾಸಾಯನಿಕ ಬೆರೆಸಿ, ಗಂಧಕಾಮ್ಲವನ್ನು ಮೆಲ್ಲಗೆ ಪಕ್ಕದಿಂದ ಇಳಿಸುತ್ತೇವೆ. ನೇರಳೆ ಉಂಗುರ ಕಂಡರೆ ಮರುಮಾತಿಲ್ಲ, ಆ ನೀರು ಬಾಯ್ಲರ್‌ಗೆ ಬಂದ್.

ಕಬ್ಬು ಬರದೆ ಮಿಲ್ ನಿಂತರೆ ಯಾರ್ಡಿನಲ್ಲಿ ರಾಶಿ ಹಾಕಿದ ಸಿಪ್ಪೆಯೇ ಗತಿ. ಮಳೆ ಬಿದ್ದಿದ್ದರೆ ಮೇಲಿನ ಒದ್ದೆ ಪದರ ಬೇರೆ ತೆಗೆಸುತ್ತೇನೆ. ಮಿಲ್ ಶುರುವಾದ ಮೇಲೆ ಅದನ್ನು ಹೊಸ ಸಿಪ್ಪೆಯ ಜೊತೆ ಸ್ವಲ್ಪ ಸ್ವಲ್ಪವೇ ಬೆರೆಸುವುದು. ಒಮ್ಮೆಲೇ ತಳ್ಳಿದರೆ ಸಿಪ್ಪೆ ಬಾಯ್ಲರ್‌ಗೆ ಇಳಿಯುವ ಚ್ಯೂಟ್ ಕಟ್ಟಿಕೊಳ್ಳುತ್ತದೆ. ರಾಶಿಗೆ ಹೊದಿಸಲು ತಾಡಪತ್ರಿ ಕೇಳಿದರೆ ಮಾತ್ರ ಆಫೀಸಿನಲ್ಲಿ ಈಗಲೂ ನೂರೆಂಟು ಪ್ರಶ್ನೆ.