ಗೋಡೆಯ ಬಿರುಕೇ ಪ್ರಶ್ನೆಪತ್ರಿಕೆ

ಬಿರುಕು ಬಿಟ್ಟ ಗೋಡೆ ತೋರಿಸಿ ‘ಯಾಕೆ ಹೀಗಾಯಿತು?’ ಎಂದರೆ, ಸಿವಿಲ್ ಎಂಜಿನಿಯರಿಂಗ್ ವಿದ್ಯಾರ್ಥಿಗಳಲ್ಲಿ ಅನೇಕರು ಕಾರಣ ಬಿಟ್ಟು ಪರಿಹಾರ ಹೇಳುತ್ತಾರೆ: ‘ಸಿಮೆಂಟ್ ತುಂಬಿದರಾಯಿತು ಸರ್.’ ಈ ಅವಸರ ಬಿಡಿಸಲು ಅಧ್ಯಾಪಕರಿಗೆ ಬೇಕಾದ ಸಾಮಗ್ರಿ ನವಲಗುಂದ, ಅಣ್ಣಿಗೇರಿ, ಗದಗ ಕಡೆಯ ಎರೆ ನೆಲದ (ನೀರು ಕುಡಿದರೆ ಉಬ್ಬಿ, ಒಣಗಿದರೆ ಕುಗ್ಗುವ ಕಪ್ಪು ಮಣ್ಣಿನ) ಮನೆಗಳಲ್ಲಿ ಧಾರಾಳವಾಗಿದೆ.

ಮೊದಲು ಅಳತೆ

ನಾಲ್ವರ ತಂಡಕ್ಕೆ ಒಂದೇ ಬಿರುಕು ಕೊಡಿ. ಮನೆಯವರ ಒಪ್ಪಿಗೆ ಪಡೆದು, ಅದರ ಅಗಲವನ್ನು ಮೇಲೆ, ನಡುವೆ, ಕೆಳಗೆ ಮಿಲಿಮೀಟರಿನಲ್ಲಿ ಬರೆಸಿ. ಎರಡೂ ತುದಿಗೆ ಪೆನ್ಸಿಲ್ ಗೆರೆ ಹಾಕಿ ತಾರೀಖು ನಮೂದಿಸಲಿ. ಒಂದು ಕಡೆ ಅಂಗೈಯಗಲ ಪ್ಲಾಸ್ಟರ್ ಕೆರೆದು, ಬಿರುಕು ಇಟ್ಟಿಗೆಗೂ ಇಳಿದಿದೆಯೇ ನೋಡಲಿ. ಅಂದು ಪರಿಹಾರದ ಮಾತು ಬೇಡ.

ಮೂರು ಕಾರಣ, ಮೂರು ಸುಳಿವು

ಕನಿಷ್ಠ ಮೂರು ಕಾರಣ ಬರೆಸಿ, ಪ್ರತಿಯೊಂದರ ಎದುರು ‘ಇದು ನಿಜವಾದರೆ ಇನ್ನೇನು ಕಾಣಬೇಕು?’ ಎಂದು ಕೇಳಿ. ನೆಲ ಕಾರಣವಾದರೆ ಬಿರುಕು ಬೇಸಿಗೆ–ಮಳೆಗಾಲಕ್ಕೆ ತಕ್ಕಂತೆ ಹೆಚ್ಚು ಕಡಿಮೆ ಆಗಬೇಕು. ಲಿಂಟಲ್ (ಬಾಗಿಲು, ಕಿಟಕಿಯ ಮೇಲಿನ ಅಡ್ಡ ತೊಲೆ) ಎರಡೂ ಬದಿ ಗೋಡೆಯ ಮೇಲೆ 150 ಮಿ.ಮೀ. ಕೂತಿಲ್ಲದಿದ್ದರೆ ಬಿರುಕು ಲಿಂಟಲ್ ತುದಿಯಿಂದಲೇ ಹೊರಟಿರುತ್ತದೆ. ಪ್ಲಾಸ್ಟರ್ ಒಣಗಿ ಬಂದದ್ದು ಇಟ್ಟಿಗೆ ಮುಟ್ಟುವುದಿಲ್ಲ.

ಇಲ್ಲಿ ಒಬ್ಬ ಹಳೆಯ ಗೌಂಡಿಯನ್ನೂ ಕರೆಯಿರಿ. ಆತ ಮೊದಲು ಕೇಳುವುದು, ‘ಬಚ್ಚಲ ನೀರು ಎಲ್ಲಿ ಹೋಗತೈತ್ರಿ?’ ಒಂದೇ ಮಗ್ಗುಲಿನ ಪಾಯಕ್ಕೆ ವರ್ಷವಿಡೀ ನೀರು ಕುಡಿಸಿದರೆ ಆ ಮಗ್ಗುಲಿನ ಎರೆಮಣ್ಣು ಮಾತ್ರ ಉಬ್ಬಿ ಗೋಡೆ ಸೀಳುತ್ತದೆ. ಪಠ್ಯ ಓದಿದವರಿಗೆ ಈ ಪ್ರಶ್ನೆ ಹೊಳೆಯುವುದು ಅಪರೂಪ.

ಅಗ್ಗದ ಪರೀಕ್ಷೆ ಮೊದಲು

ಪಾಯದ ಮಟ್ಟದ ಮಣ್ಣನ್ನು ಓವನ್‌ನಲ್ಲಿ ಒಣಗಿಸಿ 425 ಮೈಕ್ರಾನ್ ಜರಡಿ ಹಿಡಿಯಿರಿ. 100 ಮಿ.ಲೀ.ಯ ಎರಡು ಅಳತೆ ಜಾಡಿಗಳಿಗೆ 10 ಗ್ರಾಂನಂತೆ ಹಾಕಿ, ಒಂದಕ್ಕೆ ಡಿಸ್ಟಿಲ್ಡ್ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ತುಂಬಿ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ, ಹೋಲಿಕೆಗೆ ಅದೇ ಆಧಾರ. 24 ಗಂಟೆ ಬಿಟ್ಟು ಎರಡರ ಗಾತ್ರ ಓದಿ. ನೀರಿನಲ್ಲಿ 18, ಸೀಮೆಎಣ್ಣೆಯಲ್ಲಿ 10 ಮಿ.ಲೀ. ಇದ್ದರೆ ವ್ಯತ್ಯಾಸ 8. ಅದನ್ನು ಸೀಮೆಎಣ್ಣೆಯ ಗಾತ್ರವಾದ 10ರಿಂದ ಭಾಗಿಸಿ 100ರಿಂದ ಗುಣಿಸಿದರೆ ಉಬ್ಬುವಿಕೆ ಶೇ 80. ಶೇ 50 ದಾಟಿದ ಮಣ್ಣಿನ ಮೇಲೆ ಪಾಯ ಹಾಕುವಾಗ ಎಚ್ಚರ ಬೇಕು. ಜಾಡಿ ತುಂಬಿದ ಕೂಡಲೇ ಗಾಜಿನ ಕಡ್ಡಿಯಿಂದ ಕಲಕಿ ಗಾಳಿಗುಳ್ಳೆ ತೆಗೆಯದಿದ್ದರೆ ಅಂಕಿ ತಪ್ಪಾಗುತ್ತದೆ; ಹೆಚ್ಚಿನ ತಂಡಗಳು ಎಡವುವುದು ಇಲ್ಲೇ.

ಪರಿಹಾರ ಒಂದೇ ಪುಟ

ಕಟ್ಟಿ ನಿಂತ ಮನೆಗೆ ಅಂಡರ್-ರೀಮ್ಡ್ ಪೈಲ್ (ಬುಡ ಅಗಲಿಸಿ ಆಳಕ್ಕೆ ಇಳಿಸುವ ಕಾಂಕ್ರೀಟ್ ಕಂಬ) ಸೂಚಿಸುವ ಉತ್ಸಾಹಿಗಳಿರುತ್ತಾರೆ. ಅದು ಹೊಸ ಕಟ್ಟಡದ ಪಾಯಕ್ಕೆ. ಆಳವಾದ ಎರೆ ನೆಲದಲ್ಲಿ ಕನಿಷ್ಠ 3.5 ಮೀಟರ್ ಇಳಿಯಬೇಕು. ನಿಂತ ಮನೆಗಾದರೆ ಮೊದಲು ಬಚ್ಚಲ ನೀರು ತಿರುಗಿಸಿ, ಗೋಡೆಯ ಸುತ್ತ ಹೊರಕ್ಕೆ ಇಳಿಜಾರಿರುವ ಕಾಂಕ್ರೀಟ್ ಪಟ್ಟಿ ಹಾಕಿ, ಬಿರುಕಿನ ಚಲನೆ ನಿಂತ ಮೇಲೆ ತುಂಬುವುದು ಸರಿ. ಖರ್ಚಿನ ಅಂದಾಜೂ ಅದೇ ಪುಟದಲ್ಲಿರಲಿ.

20 ಅಂಕಗಳಲ್ಲಿ 10 ಅಂಕ ಕಾರಣ ಮತ್ತು ಪರೀಕ್ಷೆಗೇ ಮೀಸಲಿರಲಿ, ಪರಿಹಾರಕ್ಕೆ 5 ಸಾಕು. ತೊಡಕೆಂದರೆ, ಬಿರುಕಿನ ಚಲನೆ ಸೆಮಿಸ್ಟರಿಗೆ ಕಾಯುವುದಿಲ್ಲ. ಬೇಸಿಗೆಯ ಅಳತೆ ತೆಗೆದ ತಂಡ ಅದರ ಪ್ರತಿಯನ್ನು ಕಿರಿಯರಿಗೆ ಕೊಟ್ಟುಹೋಗಲಿ. ಮಳೆ ಮುಗಿದ ಮೇಲೆ ಅದೇ ಮೂರು ಜಾಗದಲ್ಲಿ ಅವರು ಮತ್ತೆ ಅಳೆಯಲಿ.