ಮುಸುಕಿನ ಜೋಳದಲ್ಲಿ ಜೀನ್ ತಿದ್ದಿದ್ದು: ತೆನೆಯೂ ಮೂರು ರಾತ್ರಿಯ ತಂಪೂ

ಚಿಕ್ಕಬಳ್ಳಾಪುರದ ಬಿಸಿಲು, ಹೇಳದೆ ಕೇಳದೆ ಹೋಗುವ ಕರೆಂಟು, ಇದರಲ್ಲಿ ಮುಸುಕಿನ ಜೋಳದ ಟ್ರಾನ್ಸ್‌ಫರ್ಮೇಶನ್, ಅಂದರೆ ಗಿಡದೊಳಗೆ ಹೊರಗಿನ ಡಿಎನ್‌ಎ ಸೇರಿಸೋದು, ಆಗೋ ಮಾತಲ್ಲ ಅಂದವರೇ ಹೆಚ್ಚು. ಆಗಿದೆ. ಬಿ-104 ಅನ್ನೋ ತಳಿಯಲ್ಲಿ ನಮಗೆ ಈಗ ಕಾಳಿನಿಂದ ತೆಗೆದ ನೂರು ಎಳೆ ಭ್ರೂಣಕ್ಕೆ ಮೂರ್ನಾಲ್ಕು ಗಿಡ ಕೈಗೆ ಸಿಗುತ್ತಿವೆ. ಮೊದಲ ಆರು ಬ್ಯಾಚಿನಲ್ಲಿ ಸಿಕ್ಕಿದ್ದು ಸೊನ್ನೆ. ಜೀನ್ ಹೊತ್ತೊಯ್ಯುವ ಡಿಎನ್‌ಎ ಉಂಗುರ, ಅಂದರೆ ಪ್ಲಾಸ್ಮಿಡ್ಡಿನಲ್ಲಿ, ಒಂದಕ್ಷರವನ್ನೂ ಬದಲಿಸಿಲ್ಲ.

ಪರಾಗಸ್ಪರ್ಶವಾಗಿ 12 ದಿನ ಅನ್ನೋ ಲೆಕ್ಕವನ್ನು ಮೊದಲು ಬಿಡಿ. ಏಪ್ರಿಲ್‌ನಲ್ಲಿ ಹತ್ತನೇ ದಿನಕ್ಕೇ ಭ್ರೂಣ 2 ಮಿ.ಮೀ. ಮುಟ್ಟಿರುತ್ತೆ, ಡಿಸೆಂಬರ್ ಚಳಿಗೆ ಹದಿನೈದು ದಿನವೂ ಸಾಲದು. ಒಂಬತ್ತನೇ ದಿನದಿಂದ ಸಿಪ್ಪೆಯನ್ನು ಕಿಟಕಿಯಂತೆ ಕೊಯ್ದು, ನಡುಭಾಗದ ಒಂದು ಕಾಳು ತೆಗೆದು ಅದರ ಭ್ರೂಣ ಅಳೆಯಿರಿ, ಮತ್ತೆ ಮುಚ್ಚಿ ಟೇಪ್ ಹಾಕಿ. 1.5ರಿಂದ 1.8 ಮಿ.ಮೀ. ಬಂದ ದಿನವೇ ತೆನೆ ಮುರಿಯಬೇಕು. ಬಲಿತದ್ದು ಕ್ಯಾಲಸ್ (ಹೊಸ ಗಿಡ ಹೊರಡಿಸಬಲ್ಲ ಜೀವಕೋಶಗಳ ಮುದ್ದೆ) ಆಗುವ ಬದಲು ಮೊಳೆಯುತ್ತೆ, ತೀರಾ ಎಳಸು ಡಿಎನ್‌ಎ ಒಯ್ಯುವ ಅಗ್ರೋಬ್ಯಾಕ್ಟೀರಿಯಂ ಅನ್ನೋ ಬ್ಯಾಕ್ಟೀರಿಯದ ಹೊಡೆತಕ್ಕೇ ಕಂದುತ್ತೆ. ಪರಾಗ ಹಾಕೋದು ಬೆಳಿಗ್ಗೆ ಹತ್ತರೊಳಗೆ. ನೀರು ಕಮ್ಮಿಯಾದ ಗಿಡದ ತೆನೆ ನೋಡಲು ಚೆನ್ನಾಗಿದ್ದರೂ ಬಳಸಬೇಡಿ.

ಭ್ರೂಣದ ಚಪ್ಪಟೆ ಬದಿ, ಅಂದರೆ ಮೊಳಕೆಯ ಬದಿ, ಪ್ಲೇಟಿನ ಪೋಷಕ ಮೀಡಿಯಕ್ಕೆ ತಾಗಬೇಕು, ಸ್ಕ್ಯೂಟೆಲ್ಲಮ್, ಅಂದರೆ ಉಬ್ಬಿದ ಬೀಜದಳದ ಬದಿ, ಮೇಲಕ್ಕೆ. ಒಂದೊಂದನ್ನೂ ಸೂಕ್ಷ್ಮದರ್ಶಕದಡಿ ತಿರುಗಿಸಿಡಿ, ಇಲ್ಲಿ ಅವಸರ ಬೇಡ.

ಆಮೇಲೆ ಕೋ-ಕಲ್ಟಿವೇಶನ್, ಅಂದರೆ ಭ್ರೂಣವನ್ನೂ ಬ್ಯಾಕ್ಟೀರಿಯವನ್ನೂ ಒಟ್ಟಿಗೆ ಬೆಳೆಸೋದು. 20 ಡಿಗ್ರಿ, ಕತ್ತಲೆ, ಮೂರು ದಿನ, ಬ್ಯಾಕ್ಟೀರಿಯವನ್ನು ಕೆಲಸಕ್ಕೆ ಎಬ್ಬಿಸಲು ಅಸಿಟೊಸಿರಿಂಗೋನ್ 100 ಮೈಕ್ರೊಮೋಲಾರ್, ಭ್ರೂಣ ಕಂದದಿರಲು ಸಿಸ್ಟೀನ್ ಲೀಟರಿಗೆ 300 ಮಿ.ಗ್ರಾಂ. ನಮ್ಮ ಆರು ಬ್ಯಾಚು ಮುಳುಗಿದ್ದು ಇಲ್ಲೇ. ರಾತ್ರಿ ಕರೆಂಟು ಹೋಗಿ ಇನ್‌ಕ್ಯುಬೇಟರ್ 28ಕ್ಕೆ ಏರುತ್ತಿತ್ತು, ಬೆಳಿಗ್ಗೆ ಬಂದು ನೋಡುವಷ್ಟರಲ್ಲಿ ಮತ್ತೆ 20. ಆ ಬಿಸಿಗೆ ಬ್ಯಾಕ್ಟೀರಿಯದ ಪೈಲಸ್, ಅಂದರೆ ಡಿಎನ್‌ಎ ದಾಟಿಸಲು ಬೇಕಾದ ಕೂದಲಿನಂಥ ಎಳೆ, ಸರಿಯಾಗಿ ಕಟ್ಟೋದಿಲ್ಲ. ಗಿಡಕ್ಕೆ ಸೇರಬೇಕಾದ ಡಿಎನ್‌ಎ ತುಣುಕು, ಅಂದರೆ ಟಿ-ಡಿಎನ್‌ಎ, ದಾಟೋದಿಲ್ಲ, ಬ್ಯಾಕ್ಟೀರಿಯ ಮಾತ್ರ ಉಕ್ಕುತ್ತೆ. ಗರಿಷ್ಠ-ಕನಿಷ್ಠ ಥರ್ಮಾಮೀಟರ್ ಒಳಗಿಟ್ಟ ಮೇಲೇ ಗೊತ್ತಾಗಿದ್ದು. ದೊಡ್ಡ ಯುಪಿಎಸ್ ಕೊಟೇಶನ್ ಲಕ್ಷ ದಾಟಿತ್ತು. ಕೊನೆಗೆ ನಡೆದದ್ದು ಮೀನು ಸಾಗಿಸುವ ಥರ್ಮೋಕೋಲ್ ಪೆಟ್ಟಿಗೆ ಮತ್ತು ಗೋಣಿಬಟ್ಟೆ ಸುತ್ತಿದ ಐಸ್ ಬಾಟಲಿಗಳು, ಎಲ್ಲ ಸೇರಿ ಏಳೆಂಟುನೂರು ರೂಪಾಯಿ. ಪ್ಲೇಟು ಐಸಿಗೆ ತಾಗಬಾರದು. ಬಾಟಲಿ ಎಷ್ಟು, ಯಾವ ಹೊತ್ತಿಗೆ ಬದಲು ಅನ್ನೋದನ್ನು ನಿಮ್ಮ ಕೋಣೆಗೆ ನೀವೇ ಹೊಂದಿಸಿಕೊಳ್ಳಿ.

ಮೂರು ದಿನದ ಮೇಲೆ ಬ್ಯಾಕ್ಟೀರಿಯ ಕೊಲ್ಲಲು ಬೇಕಾದ ಆಂಟಿಬಯೋಟಿಕ್ ಸೆಫೊಟಾಕ್ಸಿಮ್‌ಗೆ ಕೆಮಿಕಲ್ ಕಂಪನಿಯ ಬಾಟಲಿ ಬೇಡ. ಮೆಡಿಕಲ್ ಸ್ಟೋರಿನ 1 ಗ್ರಾಂ ಇಂಜೆಕ್ಷನ್ ವಯಲ್ ಸಾಕು. ಮೀಡಿಯ 50 ಡಿಗ್ರಿಗೆ ಇಳಿದ ಮೇಲೇ ಹಾಕಿ. ಒಂದು ವಾರ 28ರಲ್ಲಿ ಸೆಲೆಕ್ಷನ್ ಇಲ್ಲದೆ ವಿಶ್ರಾಂತಿ, ಆಮೇಲೆ ಸೆಲೆಕ್ಷನ್, ಅಂದರೆ ಟಿ-ಡಿಎನ್‌ಎ ಸೇರದ ಕೋಶಗಳನ್ನು ಕೊಲ್ಲುವ ಕಳೆನಾಶಕ ಬಯಲಾಫಾಸ್ ಲೀಟರಿಗೆ 1.5 ಮಿ.ಗ್ರಾಂ, ಎರಡು ವಾರ ಕಳೆದು 3 ಮಿ.ಗ್ರಾಂ. ವಿಶ್ರಾಂತಿ ಮೀಡಿಯಕ್ಕೆ ನಾವು ಇನ್ನೊಂದು ವಸ್ತು ಸೇರಿಸುತ್ತೇವೆ, ಅದನ್ನು ಸದ್ಯಕ್ಕೆ ಇಲ್ಲಿ ಬರೆಯುವುದಿಲ್ಲ.

ತಿದ್ದಿದ್ದು ಪಿಷ್ಟದ ಬಗೆ ನಿರ್ಧರಿಸುವ ವ್ಯಾಕ್ಸಿ ಜೀನ್, ಡಿಎನ್‌ಎ ಕತ್ತರಿಸುವ ಕಿಣ್ವ ಕ್ಯಾಸ್9ನಿಂದ. ಪರೀಕ್ಷೆಗೆ ಖರ್ಚಿಲ್ಲ ಅಂತಲೇ ಅದನ್ನು ಆರಿಸಿದ್ದು: ಸೂಲಂಗಿಯ ಪರಾಗಕ್ಕೆ ಅಯೋಡಿನ್ ದ್ರಾವಣ ಬಿಟ್ಟರೆ ಮಾಮೂಲಿದು ನೀಲಿಗಪ್ಪು, ಜೀನ್ ಕೆಟ್ಟದ್ದು ಕೆಂಗಂದು. ಎರಡೂ ಪ್ರತಿ ಕೆಟ್ಟಿದ್ದರೆ ಪೂರ್ತಿ ಕೆಂಗಂದು, ಒಂದೇ ಆದರೆ ಅರ್ಧರ್ಧ. ಹಾಗೆ ಆಯ್ದವನ್ನಷ್ಟೇ ಬೆಂಗಳೂರಿಗೆ ಸೀಕ್ವೆನ್ಸಿಂಗ್‌ಗೆ ಕಳಿಸಿದರೆ ದುಡ್ಡು ಉಳಿಯುತ್ತೆ.

ನಡುವೆ ಇನ್ನೊಂದು ಪ್ರಯೋಗ. ಕ್ಯಾಸ್9ಗೆ 37 ಡಿಗ್ರಿ ಹಿತ. ಬೆಳೆಯುತ್ತಿರುವ ಕ್ಯಾಲಸ್ ಅನ್ನು ಒಂದು ದಿನ 37ರಲ್ಲಿಟ್ಟು 28ಕ್ಕೆ ತಂದೆವು. ಆ ಸಾಲಿನಲ್ಲಿ ಪೂರ್ತಿ ಕೆಂಗಂದು ಪರಾಗದ ಗಿಡ ಹೆಚ್ಚು ಕಂಡವು. ಎರಡು ದಿನ ಇಟ್ಟದ್ದು ಮಾತ್ರ ನೀರಾಗಿ ಹೋಯ್ತು.

ಮುಂದಿನ ತಲೆಮಾರಿನಲ್ಲಿ ಟಿ-ಡಿಎನ್‌ಎ ಕಳೆದ ಗಿಡಗಳನ್ನು ಪಿಸಿಆರ್‌ನಲ್ಲಿ ಆರಿಸಿ. ಎಸ್‌ಡಿಎನ್-1 ಗಿಡಕ್ಕೆ (ಕತ್ತರಿಸಿದ ಜಾಗವನ್ನು ಕೋಶವೇ ಕೂಡಿಸಿಕೊಂಡಾಗ ಆಗುವ ಬದಲಾವಣೆ ಇರುವ ಗಿಡಕ್ಕೆ) ಹೊರಗಿನ ಡಿಎನ್‌ಎ ಇಲ್ಲದಿದ್ದರಷ್ಟೇ ಕುಲಾಂತರಿ ಬೆಳೆಯ ಕೆಲವು ನಿಯಮಗಳಿಂದ 2022ರ ಮಾರ್ಚ್‌ನ ಕೇಂದ್ರದ ವಿನಾಯಿತಿ. ಅಲ್ಲಿವರೆಗೂ ನೆಟ್‌ಹೌಸ್ ಬಿಟ್ಟು ಹೊರಗೆ ಬೇಡ. ಸೂಲಂಗಿಗೂ ತೆನೆಗೂ ಕವರ್ ಕಟ್ಟಿ. ಸುತ್ತ ರೈತರ ಜೋಳ ಇದೆ.