ನಾನು ಓಡಿದೆ, ಚಿಗರಿ ಹಿಂದೆ ಬಂದಳು

ಮುಧೋಳ ನಾಯಿಗೆ ಬಿಸ್ಕತ್ತಿನ ಆಸೆ ಅಷ್ಟಕ್ಕಷ್ಟೇ. ಕಣ್ಣೆದುರು ಏನಾದರೂ ಓಡಿತೋ, ಮುಗೀತು, ಕಿವಿ ಕೇಳಿಸುವುದಿಲ್ಲ. ಬಯಲಲ್ಲಿ ಮೊಲದ ಬೆನ್ನು ಹತ್ತಲೆಂದೇ ಬೆಳೆಸಿದ ತಳಿ ಅದು. 2005ರಲ್ಲಿ ಅಂಚೆಚೀಟಿಯ ಮೇಲೂ ಬಂದಿದೆ, ಆದರೆ ಆ ಗೌರವದಿಂದ ಕರೆದಾಗ ಬರುವ ಬುದ್ಧಿಯೇನೂ ಬರಲಿಲ್ಲ. ಅಂಥದೊಂದನ್ನು ಪುಣೆಯ ಕೋಥ್ರೂಡಿನ ಫ್ಲ್ಯಾಟಿನಲ್ಲಿ ಸಾಕಿದ್ದೇವೆ. ಇಲ್ಲಿನವರು ಕಾರವಾನ್ ಅನ್ನುತ್ತಾರೆ. ನಾವು ಬಾಗಲಕೋಟೆ ಕಡೆಯವರು, ಹೆಸರು ಚಿಗರಿ, ಅಂದರೆ ಜಿಂಕೆ, ಅಂತಲೇ ಇಟ್ಟೆವು.

ಓಡುವುದರ ಹಿಂದೆ ಓಡುತ್ತಾಳೆ ಅಲ್ವಾ? ಹಾಗಾದರೆ ಓಡುವ ವಸ್ತು ನಾನೇ ಆಗಬೇಕು. ಕರೆದಾಗ ಬರುವುದನ್ನು ಇವಳಿಗೆ ಕಲಿಸಲು ನನ್ನ ಲೆಕ್ಕ ಇಷ್ಟೇ.

"ಬಾ" ಅನ್ನುವುದು ನಮ್ಮ ಮನೆಯಲ್ಲಿ ಊಟಕ್ಕೂ ಮಕ್ಕಳಿಗೂ ಬಳಸಿ ಬಳಸಿ ಸವೆದಿತ್ತು. ಹಾಗಾಗಿ "ಹುಪ್ ಹುಪ್" ಅಂತ ಹೊಸ ಕರೆ ಇಟ್ಟುಕೊಂಡೆ. ಹುಪ್ ಅಂದರೆ ಆಟ ಇರಲೇಬೇಕು. ಸ್ನಾನಕ್ಕೆ, ಉಗುರು ಕತ್ತರಿಸಲು ಆ ಕರೆ ಬಳಸುವ ಹಾಗಿಲ್ಲ. ಅದಕ್ಕೆಲ್ಲ ನಾವೇ ಎದ್ದು ಹೋಗಿ ಕರೆದುಕೊಂಡು ಬರುತ್ತೇವೆ.

ಶುರು ಮಾಡಿದ್ದು ಮನೆಯೊಳಗೇ, ಕಣ್ಣಾಮುಚ್ಚಾಲೆಯಿಂದ. ಹೆಂಡತಿ ಚಿಗರಿಯ ಎದೆಗೆ ಕೈ ಕೊಟ್ಟು ಹಿಡಿದುಕೊಳ್ಳುತ್ತಾಳೆ. ನಾನು ಚಿಗರಿಯ ಮೂಗಿನ ಮುಂದೆ ಚಿಂದಿ ಆಡಿಸಿ, ಓಡಿ ಹೋಗಿ ಬಾಗಿಲ ಹಿಂದೆ ನಿಲ್ಲುತ್ತೇನೆ. ಹುಪ್ ಅಂದ ತಕ್ಷಣ ಹೆಂಡತಿ ಕೈ ಬಿಡುತ್ತಾಳೆ. ತಡೆದು ಬಿಟ್ಟರೆ ನಾಯಿಗೆ ಹುರುಪು ಜಾಸ್ತಿ. ನನ್ನನ್ನು ಹುಡುಕಿದರೆ ಜಗ್ಗಾಟ, ಬಹಳ ಸಲ ಅವಳೇ ಗೆಲ್ಲುತ್ತಾಳೆ. ಚಿಂದಿ ಅಂದರೆ ಹಳೆ ಜೀನ್ಸಿನ ಕಾಲು ಕತ್ತರಿಸಿ ಹೆಣೆದದ್ದು. ಸೀರೆ ತುಂಡು ಬೇಡ, ದಾರ ಬಿಚ್ಚಿಕೊಂಡು ಹೊಟ್ಟೆಗೆ ಹೋಗುತ್ತದೆ.

ಜಗ್ಗುವಾಗ ಒಂದು ಕೈಯಿಂದ ಕೊರಳಪಟ್ಟಿ ಹಿಡಿಯುತ್ತೇನೆ, ಬಿಡುತ್ತೇನೆ, ಆಟ ಮುಂದುವರಿಸುತ್ತೇನೆ. ಇದು ಸಣ್ಣ ವಿಷಯ ಅನ್ನಿಸಬಹುದು, ಆದರೆ ನನ್ನ ಪ್ರಕಾರ ಅರ್ಧ ಕೆಲಸ ಇದೇ. ಎಷ್ಟೋ ನಾಯಿಗಳು ಕರೆದರೆ ಬರುತ್ತವೆ, ಕೈಗೆ ಮಾತ್ರ ಸಿಗುವುದಿಲ್ಲ. ಒಂದು ಮಾರು ದೂರ ನಿಂತು ಕುಣಿಯುತ್ತವೆ. ಪಟ್ಟಿಗೆ ಕೈ ಬಿತ್ತು ಅಂದರೆ ಮಜಾ ಮುಗೀತು ಅಂತ ಅವಕ್ಕೆ ಗೊತ್ತಿರುತ್ತದೆ.

ಆಮೇಲೆ ವೇತಾಳ ಟೇಕಡಿ, ಅಂದರೆ ಇಲ್ಲಿನ ಗುಡ್ಡ. ಮೈಗೆ ಹಾರ್ನೆಸ್ (ಎದೆ ಬೆನ್ನು ಸುತ್ತುವ ಪಟ್ಟಿ), ಅದಕ್ಕೆ 10 ಮೀಟರ್ ಹಗ್ಗ. ಉದ್ದ ಹಗ್ಗವನ್ನು ಕೊರಳಿಗೆ ಕಟ್ಟಬಾರದು, ಈ ನಾಯಿಯ ವೇಗಕ್ಕೆ ಕುತ್ತಿಗೆಗೆ ಪೆಟ್ಟಾಗುತ್ತದೆ. ಬೆರಳಿಗೆ ಸುತ್ತಿಕೊಳ್ಳುವುದಂತೂ ಬೇಡವೇ ಬೇಡ. ಮೊದಮೊದಲು ಅವಳೇ ತಿರುಗಿ ನನ್ನತ್ತ ನೋಡಿದಾಗ ಮಾತ್ರ ಕರೆದೆ. ಮೂಸುತ್ತಿರುವಾಗ ಕರೆದದ್ದು ಎಷ್ಟೋ ದಿನಗಳ ನಂತರ. ಕರೆದು ಅವಳ ಕಡೆ ಹೋಗುವುದಿಲ್ಲ. ಹೋದರೆ ಹಿಡಿಯಲು ಬಂದ ಅಂತ ಓಟ ಕೀಳುತ್ತಾಳೆ. ಹುಪ್ ಅಂದು ಹಿಂದಕ್ಕೆ ಓಡಬೇಕು, ಚಿಂದಿಯನ್ನು ನೆಲದ ಮೇಲೆ ಹಾವಿನ ಹಾಗೆ ಎಳೆಯುತ್ತ. ಅಲ್ಲಾಡದ ಚಿಂದಿಗೆ ಇವಳ ಹತ್ತಿರ ಕಿಮ್ಮತ್ತಿಲ್ಲ. ವಾಕಿಂಗಿಗೆ ಬಂದ ಕಾಕಾ ಒಬ್ಬರು ನಿಂತು "ಕಾಯ್ ಝಾಲಂ?", ಏನಾಯ್ತು ಅಂತ ಮರಾಠಿಯಲ್ಲಿ ಕೇಳಿದ್ದರು. ತಲೆ ನರೆತ ಗಂಡಸು ಕೀರಲು ದನಿಯಲ್ಲಿ ಹುಪ್ ಹುಪ್ ಅನ್ನುತ್ತ ಹಿಮ್ಮುಖ ಓಡುತ್ತಿದ್ದರೆ ಯಾರಾದರೂ ಕೇಳಿಯಾರು.

ಬರದಿದ್ದರೆ ಎರಡನೇ ಸಲ ಕೂಗುವುದಿಲ್ಲ. ಹಗ್ಗ ಒಟ್ಟುಮಾಡುತ್ತ ಹತ್ತಿರ ಹೋಗಿ, ಅವಳ ಗಮನ ಸಿಕ್ಕ ಮೇಲೆ ಮತ್ತೆ ಓಡುತ್ತೇನೆ. ಬಂದಳೋ, ಸ್ವಲ್ಪ ಜಗ್ಗಾಟ, ಆಮೇಲೆ "ಹೋಗು". ಅವಳು ಬಿಟ್ಟು ಬಂದ ಪೊದೆಯನ್ನೇ ಮತ್ತೆ ಮೂಸಲಿ. ಹೀಗೆ ಮಾಡಿದರೆ ಕರೆ ಅಂದರೆ ಮನೆಗೆ ಹೋಗುವ ಹೊತ್ತು ಅಂತ ಆಗುವುದಿಲ್ಲ. ಹೊರಡುವಾಗಲೂ ಗಿಡ್ಡ ಹಗ್ಗ ಹಾಕಿದ ಮೇಲೆ ಒಂದು ಸುತ್ತು ಆಡಿಯೇ ಇಳಿಯುತ್ತೇವೆ.

ಈಗ ಬೇರೆ ನಾಯಿಗಳು ಎದುರಾದರೂ ತಿರುಗಿ ಬರುತ್ತಾಳೆ. ಟೇಕಡಿಯಲ್ಲಿ ಹಗ್ಗ ಮಾತ್ರ ಬಿಚ್ಚುವುದಿಲ್ಲ. ಅಲ್ಲಿ ನವಿಲುಗಳಿವೆ, 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇರುವ ಹಕ್ಕಿ. ನವಿಲು ಪೊದೆಯಿಂದ ಎದ್ದು ಓಡಿದರೆ ನನ್ನ ಜೀನ್ಸ್ ಚಿಂದಿ ಯಾವ ಲೆಕ್ಕಕ್ಕೂ ಇಲ್ಲ, ಅದು ನನಗೆ ಗೊತ್ತು. ಬೇಲಿ ಇರುವ ಗೆಳೆಯರ ಜಾಗದಲ್ಲಷ್ಟೇ ಪೂರ್ತಿ ಬಿಡುತ್ತೇನೆ.

ಚಿಂದಿಯನ್ನು ಮನೆಯಲ್ಲಿ ಸುಮ್ನೆ ಬಿದ್ದಿರಲು ಬಿಡಬೇಡಿ. ದಿನವಿಡೀ ಬಾಯಿಗೆ ಸಿಕ್ಕರೆ ಬೇಸರ ಬರುತ್ತದೆ. ನಮ್ಮದು ಕಪಾಟಿನ ಮೇಲೆ ಡಬ್ಬಿಯಲ್ಲಿ ಇರುತ್ತದೆ. ವಾಸನೆ ತಡೆಯಲಾಗದೆ ಹೆಂಡತಿ ಡಬ್ಬಿಗೆ ಗಟ್ಟಿ ಮುಚ್ಚಳ ತಂದಿದ್ದಾಳೆ.